ಗೋಡೌನಿನ ದಫ್ಫಿಗೊಂದು ನಕ್ಷೆ

ನೂರಕ್ಕೂ ಹೆಚ್ಚು ಜನ ತುತ್ತೂರಿ ಊದುತ್ತಾ, ಡೋಲು ಬಾರಿಸುತ್ತಾ, ಮುಖ ನಮ್ಮ ಕಡೆಗೇ ಇಟ್ಟುಕೊಂಡು ಹಿಂದಕ್ಕೆ ನಡೆಯುತ್ತಿದ್ದರು. ಒಬ್ಬನೂ ತಿರುಗಿ ನೋಡಲಿಲ್ಲ, ಒಬ್ಬನೂ ಎಡವಲಿಲ್ಲ. ನೇರ ಸಾಲು ನೋಡನೋಡುತ್ತಾ ಬಿಲ್ಲಿನ ಹಾಗೆ ಬಾಗಿತು. ಆ ಬಿಲ್ಲಿನ ನಡುವಿನಿಂದ ಇನ್ನೊಂದು ಸಾಲು ತೂರಿ ಬಂತು. ಯಾರ ಭುಜವೂ ಯಾರಿಗೂ ತಾಗಲಿಲ್ಲ. ಸೌದಿಗೆ ಬರುವಾಗ ನಾನು ಮರಳಿಗೆ, ಬಿಸಿಲಿಗೆ, ಅರಬಿಗಳ ಗದರಿಕೆಗೆ ಮನಸ್ಸು ಗಟ್ಟಿ ಮಾಡಿಕೊಂಡೇ ಬಂದಿದ್ದೆ. ಅಬ್ಕೈಕ್ ಎಂಬ ತೈಲದ ಊರಿನಲ್ಲಿ ಒಬ್ಬ ಅಮೆರಿಕನ್ನನ ಕ್ಯಾಬಿನ್ನಿನಲ್ಲಿ ಕೂತು, ಟಿವಿಯಲ್ಲಿ ಹೀಗೆ ಹಿಮ್ಮುಖ ನಡೆಯುವ ಜನರನ್ನು ನೋಡಿ ಬಾಯಿ ಬಿಡುತ್ತೇನೆಂದು ಮಾತ್ರ ಅಂದುಕೊಂಡಿರಲಿಲ್ಲ. ಕೈಯಲ್ಲಿದ್ದ ಸುಲೈಮಾನಿ, ಹಾಲಿಲ್ಲದ ಚಹಾ, ಆರಿ ಹೋಗಿತ್ತು.

ನಾನು ಕರಾವಳಿಯ ಫರಂಗಿಪೇಟೆ ಕಡೆಯವನು, ಡ್ರಾಫ್ಟ್ಸ್‌ಮನ್. ತೈಲ ಘಟಕಕ್ಕೆ ಕೆಲಸ ಮಾಡುವ ಒಂದು ಕಂತ್ರಾಟು ಕಂಪೆನಿಯಲ್ಲಿ ಪೈಪುಗಳ ನಕ್ಷೆ ಬರೆಯುವುದು ನನ್ನ ಹೊಟ್ಟೆಪಾಡು. ಆ ಅಮೆರಿಕನ್ನನ ಹೆಸರು ಡೇಲ್, ನಮ್ಮ ಡ್ರಾಯಿಂಗ್ ಆಫೀಸಿನ ಮೇಲಧಿಕಾರಿ. ನನ್ನ ಹೆಸರು ಅಬ್ದುಲ್ ರಝಾಕ್. ಅವನು ಕರೆಯುವುದು ಬರೀ ಅಬ್ದುಲ್. ಅದು ಅರ್ಧ ಹೆಸರು ಮಾರಾಯ ಎಂದು ಹೇಳಿ ಹೇಳಿ ಸಾಕಾಗಿ ಬಿಟ್ಟೆ. ಇಲ್ಲಿ ಎಲ್ಲವೂ ಹೀಗೆ ಅರ್ಧವೇ. ಊರಿನಲ್ಲಿ ಕಿಟಕಿ ತೆರೆದರೆ ನೆರೆಮನೆಯ ಒಗ್ಗರಣೆ ಮೂಗಿಗೆ ಬಡಿಯುತ್ತಿತ್ತು, ಇಲ್ಲಿ ಕಿಟಕಿ ತೆರೆಯುವಂತಿಲ್ಲ, ತೆರೆದರೆ ಗ್ಯಾಸಿನ ವಾಸನೆ. ಮೆಸ್ಸಿನಲ್ಲಿ ಕೋಳಿ ಬೇಕಾದಷ್ಟು ಉಂಟು, ಕುಚ್ಚಲಕ್ಕಿ ಗಂಜಿ ಇಲ್ಲ. ಒಂದು ಕೋಣೆಯಲ್ಲಿ ನಾಲ್ಕು ಜನ, ನಾಲ್ಕು ಭಾಷೆ. ಜ್ವರ ಬಂದರೆ ಹಿಂದಿಯಲ್ಲಿ ನರಳಬೇಕು.

ವಾರಕ್ಕೆ ಒಂದು ದಿನ ಮಾತ್ರ ನಾನು ಪೂರ್ತಿ ಮನುಷ್ಯ. ಶುಕ್ರವಾರ ನಮಾಜು ಮುಗಿದ ಮೇಲೆ ವೆಲ್ಡರ್ ಲತೀಫನ ಹಳೇ ಕಾರಿನಲ್ಲಿ ದಮ್ಮಾಮಿಗೆ ಹೋಗುತ್ತಿದ್ದೆವು. ಅಲ್ಲಿ ಮೋನಾಕನ ಬಕಾಲಾ. ಬಕಾಲಾ ಎಂದರೆ ನಮ್ಮ ಜೀನಸು ಅಂಗಡಿ. ಮೋನಾಕ ಹಿರಿಯರು, ಊರಿನಲ್ಲಿ ದಫ್ ಎಂಬ ಒಂದೇ ಮುಖದ ಚರ್ಮವಾದ್ಯ ಕಲಿಸುವ ಉಸ್ತಾದರಾಗಿದ್ದವರು. ಅಂಗಡಿಯ ಹಿಂದಿನ ಗೋಡೌನಿನಲ್ಲಿ ಅಕ್ಕಿ ಮೂಟೆಗಳನ್ನು ಬದಿಗೆ ಸರಿಸಿ ನಾವು ಹನ್ನೆರಡು ಮಂದಿ ದಫ್ ಹಿಡಿದು ಎರಡು ಸಾಲಾಗಿ ನಿಲ್ಲುತ್ತಿದ್ದೆವು. ಊರಿನಲ್ಲಾದರೆ ದಫ್ಫಿನ ಚರ್ಮ ಬಿಗಿಯಾಗಲು ತೆಂಗಿನ ಮಡಲಿನ ಬೆಂಕಿಗೆ ಹಿಡಿಯಬೇಕು. ಇಲ್ಲಿ ಲತೀಫನ ಕಾರಿನ ಬಾನೆಟ್ಟಿನ ಮೇಲೆ ಇಟ್ಟರೆ ಸಾಕು, ಟಣ್ಣೆನ್ನುತ್ತದೆ. ಮೋನಾಕ ಬೈತ್, ಅಂದರೆ ಹಾಡಿನ ಸಾಲು, ಎತ್ತಿದರೆ, ನಾವು ಅದನ್ನು ಹಿಡಿದು ಬಾಗುತ್ತಾ ಏಳುತ್ತಾ ಹಾಡಿದರೆ, ನನಗೆ ಊರು, ಉಮ್ಮ, ಹೊಳೆ ಯಾವುದೂ ದೂರ ಅನ್ನಿಸುತ್ತಿರಲಿಲ್ಲ. ಉಳಿದ ಆರು ದಿನ ನಾನು ಬದುಕಿದ್ದು ಆ ಸಾಲಿಗಾಗಿ.

ಆ ವರ್ಷ ಆ ಸಾಲಿಗೇ ಕುತ್ತು ಬಂತು. ಪೆರ್ನಾಳ್ ದಿನ, ಅಂದರೆ ಈದಿಗೆ, ನಮ್ಮ ಕರಾವಳಿಯವರೆಲ್ಲ ಒಂದು ಕ್ಯಾಂಪಿನ ಸಭಾಂಗಣದಲ್ಲಿ ಸೇರುವುದು ವಾಡಿಕೆ. ಜುಬೈಲಿನ ಹುಡುಗರದ್ದೂ ಒಂದು ದಫ್ ತಂಡ ಉಂಟು. ಅವರು ಬಂದರೆ ಸಭೆ ಎದ್ದು ಕೂರುತ್ತದೆ, ನಾವು ಬಂದರೆ ಜನ ಬಿರಿಯಾನಿ ಎಲ್ಲಿಯವರೆಗೆ ಬಂತು ಎಂದು ಕೇಳುತ್ತಾರೆ. ಮೋನಾಕ ಒಂದು ಶುಕ್ರವಾರ ದಫ್ ಕೆಳಗಿಟ್ಟು ಹೇಳಿದರು:

"ಈ ಸಲವೂ ಮರ್ಯಾದೆ ಹೋದರೆ ನಾನು ಗೋಡೌನಿನ ಬಾಗಿಲು ಹಾಕುತ್ತೇನೆ. ಮತ್ತೆ ಅಕ್ಕಿ ಮಾತ್ರ ಇಲ್ಲಿ."

ಅವರು ತಮಾಷೆ ಮಾಡುವ ಜನ ಅಲ್ಲ.

ಅದಕ್ಕೇ ಡೇಲ್ ಟಿವಿಯಲ್ಲಿ ಹಾಕಿದ ಆ ಟೇಪನ್ನು ನಾನು ಬಿಡದೆ ಮತ್ತೆ ಮತ್ತೆ ಹಾಕಿಸಿ ನೋಡಿದ್ದು. ಅಮೆರಿಕದಲ್ಲಿ ಬೇಸಗೆ ರಜೆ ಬಂದರೆ ಹುಡುಗ ಹುಡುಗಿಯರ ತಂಡಗಳು ಫುಟ್ಬಾಲ್ ಮೈದಾನಗಳಲ್ಲಿ ಹೀಗೆ ಪಂದ್ಯಕ್ಕೆ ಇಳಿಯುತ್ತವಂತೆ. ತುತ್ತೂರಿಗೆ, ಡೋಲಿಗೆ ಅಂಕ ಇರುವ ಹಾಗೆ ಕಣ್ಣಿಗೆ ಕಾಣುವ ಕವಾಯತಿಗೂ ಅಂಕ. ಡೇಲ್ ಪ್ರಾಯದಲ್ಲಿ ತುತ್ತೂರಿ ಊದಿದವನು, ಆಮೇಲೆ ಕವಾಯತಿನ ನಕ್ಷೆ ಬರೆದವನು. ಚೌಕುಳಿ ಹಾಳೆಯ ಮೇಲೆ ಚುಕ್ಕೆ ಇಡುವುದು, ಒಂದೊಂದು ಚುಕ್ಕೆಯೂ ಒಬ್ಬ ಮನುಷ್ಯ. ಮೊದಲು ಎಡಗಡೆ ಇದ್ದದ್ದೇ ಬಲಗಡೆಯೂ ಇರಬೇಕಿತ್ತಂತೆ, ಹಾಳೆ ಮಡಚಿದರೆ ಚುಕ್ಕೆಗೆ ಚುಕ್ಕೆ ಕೂಡುವ ಹಾಗೆ. ಈಚೆಗೆ ಅದನ್ನು ಮುರಿಯುವ ಧೈರ್ಯ ಬಂದಿದೆ, ಈಗ ಒಂದು ಮೂಲೆಯಲ್ಲಿ ಸುಳಿ ಸುತ್ತುತ್ತಾ ಇದ್ದರೆ ಇನ್ನೊಂದು ಮೂಲೆಯಲ್ಲಿ ಒಂದು ಸಾಲು ಸುಮ್ಮನೆ ನಿಂತಿರುತ್ತದೆ ಎಂದು ವಿವರಿಸುವಾಗ ಅವನ ಮುಖ ಕೆಂಪಾಗುತ್ತಿತ್ತು.

"ನಿಂತಾಗ ಚಂದ ಕಾಣುವ ಚಿತ್ರ ಯಾರು ಬೇಕಾದರೂ ಬರೆಯಬಹುದು, ಅಬ್ದುಲ್," ಎಂದ. "ಒಂದು ಚಿತ್ರದಿಂದ ಇನ್ನೊಂದಕ್ಕೆ ಹೋಗುವ ದಾರಿ ಚಂದ ಕಾಣಬೇಕು. ಹಾಡು ತಿರುಗುವ ಗಳಿಗೆ ಚಿತ್ರವೂ ತಿರುಗಬೇಕು. ಮೊದಲೂ ಅಲ್ಲ, ಆಮೇಲೂ ಅಲ್ಲ."

ಎಂಥ ಮಾತು ಅದು! ಆಫೀಸಿನಲ್ಲಿ ವಾಲ್ವು ತಪ್ಪಿದರೆ ಹಲ್ಲು ಕಡಿಯುವ ಈ ಮನುಷ್ಯನ ತಲೆಯೊಳಗೆ ಇಷ್ಟೊಂದು ಜನ ನಡೆದಾಡುತ್ತಿದ್ದರು ಎಂದು ಯಾರಿಗೆ ಗೊತ್ತು? ನಾನೂ ಚೌಕುಳಿ ಹಾಳೆ ಹಿಡಿದೆ. ನಮ್ಮ ಹನ್ನೆರಡು ಮಂದಿಗೆ ವಜ್ರದಾಕಾರ, ಅದು ಬಿಚ್ಚಿ ಅರ್ಧಚಂದ್ರ, ಅರ್ಧಚಂದ್ರ ಕರಗಿ ನಕ್ಷತ್ರ. ಹಾಳೆಯ ಮೇಲೆ ನೋಡಿದರೆ ನನಗೇ ಪ್ರೀತಿ ಉಕ್ಕಿತು.

ಗೋಡೌನಿನಲ್ಲಿ ಬೇರೆಯೇ ಕತೆ. ಹಿಮ್ಮುಖ ನಡೆದ ಲತೀಫ್ ಅಕ್ಕಿ ಮೂಟೆಯ ಮೇಲೆ ಕೂತ. ಇನ್ನೊಬ್ಬ ಬೈತ್ ಮರೆತು ಹೆಜ್ಜೆ ಎಣಿಸತೊಡಗಿದ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಮಗೆ ಈಗ ನೆಲವನ್ನೇ ಡೊಂಕು ಮಾಡಿ ಕೊಟ್ಟಿದ್ದಾನೆ ಇವನು," ಎಂದು ಮೋನಾಕ ಗೊಣಗಿದರು. ಆದರೂ ಬಿಡಲಿಲ್ಲ. ಒಂದೆರಡು ತಿಂಗಳಿಗೆ ವಜ್ರ ವಜ್ರವಾಯಿತು, ಚಂದ್ರ ಚಂದ್ರನಾಯಿತು. ನಾನು ಒಳಗೇ ಉಬ್ಬಿ ಹೋದೆ, ಹಾಳೆಯನ್ನು ಡೇಲನಿಗೆ ತೋರಿಸಿದೆ. ಅವನು ಬಹಳ ಹೊತ್ತು ನೋಡಿ ಒಂದೇ ಪ್ರಶ್ನೆ ಕೇಳಿದ.

"ನಿಮ್ಮ ಜನ ಎಲ್ಲಿ ಕೂರುತ್ತಾರೆ?"

"ನೆಲದ ಮೇಲೆ. ಚಾಪೆ ಹಾಸಿ."

ಡೇಲ್ ಹಾಳೆಯನ್ನು ನಿಧಾನಕ್ಕೆ ನನ್ನ ಕೈಗೆ ಕೊಟ್ಟ. "ಹಾಗಾದರೆ ನೀನೂ ಒಮ್ಮೆ ಅಲ್ಲಿ ಕೂತು ನೋಡು," ಎಂದ.

ಆ ಶುಕ್ರವಾರ ಮೊದಲ ಬಾರಿ ನಾನು ಸಾಲು ಬಿಟ್ಟು ಚಾಪೆಯ ಮೇಲೆ ಕೂತೆ. ವಜ್ರವೂ ಇಲ್ಲ, ಚಂದ್ರನೂ ಇಲ್ಲ. ಎದುರಿಗೆ ಕಂಡದ್ದು ಲತೀಫನ ಹೊಟ್ಟೆ ಮತ್ತು ಒಂದಷ್ಟು ಮೊಣಕಾಲು. ಜೀವಮಾನವಿಡೀ ಪೈಪುಗಳನ್ನು ಮೇಲಿನಿಂದ ನೋಡಿದ ಹಾಗೆ ಬರೆದವನಿಗೆ ಜನ ಕೂರುವುದು ಕೆಳಗೆ ಎಂಬ ನೆನಪೇ ಬರಲಿಲ್ಲ! ದೂರದ ಬೆಟ್ಟ ನುಣ್ಣಗೆ ಎನ್ನುವುದುಂಟಲ್ಲ, ಡೇಲನ ಊರಿನವರು ಆ ದೂರವನ್ನೇ ನಂಬಿ ಕಲೆ ಕಟ್ಟಿದವರು. ಅಲ್ಲಿ ಪ್ರೇಕ್ಷಕರು ಕೂರುವುದು ಮಹಡಿಯಷ್ಟು ಎತ್ತರದ ಮೆಟ್ಟಿಲುಗಳ ಮೇಲೆ. ನಾನು ಅವರ ಚಿತ್ರ ತಂದೆ, ಅವರ ಮೆಟ್ಟಿಲು ತರಲಿಲ್ಲ.

"ಮೋನಾಕ, ನಮ್ಮ ಹಳೇದನ್ನು ಒಮ್ಮೆ ಮಾಡಿ ನೋಡುವ," ಎಂದೆ.

ಅವರು ಬೈತ್ ಎತ್ತಿದರು. ಮುಂದಿನ ಸಾಲು ಮಂಡಿಯೂರಿತು, ಹಿಂದಿನ ಸಾಲು ಅವರ ತಲೆಯ ಮೇಲಿಂದ ಎದ್ದು ಬಂತು. ಮುಂದಿನವರು ಎಡಕ್ಕೆ ವಾಲಿದರೆ ಹಿಂದಿನವರು ಬಲಕ್ಕೆ, ನಡುವೆ ದಫ್‌ಗಳು ಕೆಳಗೆ ಮೇಲೆ. ಹುಟ್ಟಿದಂದಿನಿಂದ ಇದರ ಒಳಗೇ ಇದ್ದ ನಾನು ಇದನ್ನು ನೋಡಿಯೇ ಇರಲಿಲ್ಲ. ಕೂರುವುದು, ಬಾಗುವುದು, ಏಳುವುದು, ಎಲ್ಲವೂ ಚಾಪೆಯ ಮೇಲೆ ಕೂತವನ ಕಣ್ಣಿಗೆ ಅಳತೆ ಹಿಡಿದು ಮಾಡಿದ್ದು. ಯಾವ ಕಾಲದ ಯಾವ ಮಹಾನುಭಾವ ಮಾಡಿದನೋ, ಅವನ ಕೈಗೆ ಮುತ್ತು ಕೊಡಬೇಕು ಅನ್ನಿಸಿತು.

ನಕ್ಷತ್ರವನ್ನು ಹರಿದು ಹಾಕಿದೆ. ಆದರೆ ಡೇಲನ ದಾರಿಯನ್ನು ಬಿಡಲಿಲ್ಲ. ಬೈತ್ ತಿರುಗುವ ಜಾಗದಲ್ಲಿ ಮುಂದಿನ ಸಾಲು ಒಮ್ಮೆಲೇ ಮಂಡಿಯೂರಬೇಕು, ಅದೇ ಗಳಿಗೆ ಹಿಂದಿನವರು ಅವರ ನಡುವಿನ ಸಂದುಗಳಲ್ಲಿ ಹಾದು ಮುಂದೆ ನಿಂತಿರಬೇಕು. ಕೂತವನಿಗೆ ಅವರು ನೆಲದಿಂದ ಎದ್ದ ಹಾಗೆ ಕಾಣಬೇಕು. ಇದಕ್ಕೆ ಸಂದುಗಳು ಒಂದೇ ಅಳತೆ ಇರಬೇಕು, ಅದನ್ನು ನೋಡಲು ಒಬ್ಬ ಹೊರಗೆ ಕೂತಿರಬೇಕು. ನಾನು ಕೂತು ಸರಿ ಮಾಡುತ್ತಿದ್ದೆ, ಮತ್ತೆ ಓಡಿ ಹೋಗಿ ನನ್ನ ಜಾಗದಲ್ಲಿ ನಿಲ್ಲುತ್ತಿದ್ದೆ, ನಿಂತ ಕೂಡಲೇ ಎಲ್ಲ ಕೆಡುತ್ತಿತ್ತು. ಕೊನೆಗೆ ಮೋನಾಕ ಹೇಳಿದರು:

"ರಝಾಕ, ನೀನು ಕೂತೇ ಇರು. ಪೆರ್ನಾಳ್ ಹತ್ತಿರ ಬಂತು. ಉಳಿದವರು ಸ್ವಲ್ಪ ಸರಿದು ನಿಲ್ಲಿ."

ಅವರು ಸರಿದು ನಿಂತರು. ಮುಂದೆ ಆರು ಮಂದಿ, ಹಿಂದೆ ಐವರು, ಹಿಂದಿನ ಒಬ್ಬೊಬ್ಬರಿಗೂ ಮುಂದಿನ ಇಬ್ಬರ ನಡುವಿನ ಸಂದು. ಮೊದಲಿಗಿಂತ ಚೆನ್ನಾಗಿಯೇ ಕೂಡಿತು.

ಪೆರ್ನಾಳ್ ದಿನ ಸಂಜೆಯ ಅಸರ್ ನಮಾಜು ಕಳೆದು ಸಭಾಂಗಣ ತುಂಬಿತ್ತು. ಡೇಲನೂ ಬಂದಿದ್ದ. ಮಡಚಲು ಬಾರದ ಕಾಲುಗಳನ್ನು ಹೇಗೋ ಮಡಚಿ ನನ್ನ ಪಕ್ಕ ಚಾಪೆಯ ಮೇಲೆ ಕೂತ. ಬೈತ್ ತಿರುಗಿತು, ಬಿಳಿ ಬಟ್ಟೆಯ ಸಾಲು ಕುಸಿಯಿತು, ಇನ್ನೊಂದು ಸಾಲು ಕಣ್ಣೆದುರಿಗೆ ಎದ್ದು ನಿಂತಿತು. ಆಮೇಲೆ ಎದ್ದ ಗಲಾಟೆಯಲ್ಲಿ ಮೋನಾಕನ ಸ್ವರವೇ ಕೇಳಲಿಲ್ಲ. ಜುಬೈಲಿನ ಉಸ್ತಾದರು ಬಂದು ಮೋನಾಕನನ್ನು ಅಪ್ಪಿಕೊಂಡರು. ನನಗೆ ಕಣ್ಣು ತುಂಬಿ ಬಂತು, ಹೇಳಲು ನಾಚಿಕೆ ಎಂತದು? ಗೋಡೌನಿನ ಬಾಗಿಲು ಇನ್ನು ಮುಚ್ಚುವುದಿಲ್ಲ.

ಡೇಲ್ ನನ್ನ ಬೆನ್ನು ತಟ್ಟಿದ. "ನಮ್ಮಲ್ಲಿ ಒಬ್ಬ ಹುಷಾರು ತಪ್ಪಿದರೆ ಮೈದಾನದಲ್ಲಿ ಅವನ ಜಾಗ ಬೋಳಾಗಿ ಕಾಣುತ್ತದೆ. ಇಲ್ಲಿ ನೀನು ನಿಲ್ಲುತ್ತಿದ್ದ ಜಾಗ ಎಲ್ಲಿ ಅಂತ ಎಷ್ಟು ಹುಡುಕಿದರೂ ನನಗೆ ಸಿಗಲಿಲ್ಲ, ಅಬ್ದುಲ್." ನಕ್ಷೆ ಬರೆಯುವವನಿಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ನಾನೂ ನಕ್ಕೆ.

ಮುಂದಿನ ಶುಕ್ರವಾರ ಗೋಡೌನಿಗೆ ಹೋದೆ. ದಫ್ಫನ್ನು ಬಾನೆಟ್ಟಿನ ಮೇಲೆ ಕಾಯಿಸಿ ಒಳಗೆ ತಂದರೆ ಎಲ್ಲರೂ ಆಗಲೇ ನಿಂತಿದ್ದರು. ಮೋನಾಕ ಅಕ್ಕಿ ಮೂಟೆಯ ಪಕ್ಕ ಹೊಸ ಚಾಪೆ ಹಾಸಿ, ದಿಂಬು ಇಟ್ಟು, ಸುಲೈಮಾನಿ ತರಿಸಿದ್ದರು. "ಬಾ, ಇಲ್ಲಿ ಕೂತುಕೋ. ಇಲ್ಲಿಂದ ಚಂದ ಕಾಣುತ್ತದೆ," ಎಂದರು, ಪ್ರೀತಿಯಿಂದಲೇ.

ರಜೆಗೆ ಊರಿಗೆ ಬಂದಾಗಲೂ ಊರಿನವರಾದ ನೀವೆಲ್ಲ ನನಗೆ ಹೀಗೇ ಮಾಡುತ್ತೀರಿ. ಎಲ್ಲರೂ ಚಪ್ಪರ ಹಾಕುವಾಗ, ಬಿರಿಯಾನಿಯ ದೊಡ್ಡ ಚೆಂಬು ಒಲೆಯಿಂದ ಇಳಿಸುವಾಗ, ಸೌದಿಯಿಂದ ಬಂದವನೆಂದು ನನಗೊಂದು ಕುರ್ಚಿ. ನಾನು ಕೈ ಹಾಕಲು ಹೋದರೆ, ಛೆ ನಿಮಗೆ ಯಾಕೆ, ಕೂತುಕೊಳ್ಳಿ ಎನ್ನುತ್ತೀರಿ. ನಿಮ್ಮನ್ನು ದೂರುವುದಲ್ಲ. ಗೋಡೌನಿನ ಇವರನ್ನೂ ದೂರುವುದಲ್ಲ.

ನಾನು ದಫ್ಫನ್ನು ತೊಡೆಯ ಮೇಲೆ ಇಟ್ಟುಕೊಂಡು ಚಾಪೆಯ ಮೇಲೆ ಕೂತೆ. ಮೋನಾಕ ಬೈತ್ ಎತ್ತಿದರು. ಸಾಲು ಬಹಳ ಚಂದ ಕಾಣುತ್ತಿತ್ತು, ಅದರಲ್ಲಿ ಎಲ್ಲಿಯೂ ಜಾಗ ಖಾಲಿ ಇರಲಿಲ್ಲ.