ಹಳ್ಳಕ್ಕೆ ಬಿಟ್ಟ ಹಲಸಿನೆಲೆ

ಹಂಪನಕಟ್ಟೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಮಹಾಬಲನಿಗೆ ತನ್ನ ಗಿರಾಕಿಗಳ ಮುಖ ಕಂಡರಾಗುತ್ತಿರಲಿಲ್ಲ. ಮದುಮಕ್ಕಳು, ರಂಗೂನಿಗೆ ಹೊರಟ ವರ್ತಕರು, ಅಳುವ ಕೂಸುಗಳು, ಎಲ್ಲರೂ ತನ್ನ ಕಲೆಗೆ ಅಂಟಿದ ಕೊಳೆ ಎಂದೇ ಅವನು ನಂಬಿದ್ದ. ಆ ಕೊಳೆಯಿಂದಲೇ ಮನೆಯಲ್ಲಿ ಅನ್ನ ಬೇಯುತ್ತಿತ್ತು ಎಂಬುದು ಬೇರೆ ಮಾತು.

ಯಾರೋ ಬಿಳಿ ದೊರೆ ಬಿಟ್ಟುಹೋದ ವಿಲಾಯತಿ ಪತ್ರಿಕೆಗಳಲ್ಲಿ ಅವನು ಶರತ್ಕಾಲದ ಚಿತ್ರಗಳನ್ನು ಕಂಡಿದ್ದ. ಉದುರಿದ ಎಲೆ, ಎಲೆ ತೇಲುವ ಹಳ್ಳ. ಅಂಥದ್ದೊಂದನ್ನು ಮದರಾಸಿನ ಪ್ರದರ್ಶನಕ್ಕೆ ಕಳಿಸುವ ಹುಚ್ಚು ಹಿಡಿಯಿತು. ಅಕ್ಟೋಬರಿನಲ್ಲಿ ನಮ್ಮ ಘಟ್ಟ ಮಳೆ ಕುಡಿದು ಕೊಬ್ಬಿರುತ್ತದೆ, ಎಲೆ ಯಾಕೆ ಉದುರೀತು? ಮಹಾಬಲ ಊರಿನ ಅಂಗಳಗಳಿಂದ ಹಣ್ಣಾದ ಹಲಸಿನೆಲೆ ಹೆಕ್ಕಿಸಿ ಗೋಣಿಯಲ್ಲಿ ತುಂಬಿಸಿದ. ಕಪ್ಪು ಬಿಳುಪಿನ ಚಿತ್ರದಲ್ಲಿ ಹಳದಿ ಎಲ್ಲಿ ಕಾಣುತ್ತದೆ ಎಂದು ಹೆಂಡತಿ ಹೇಮಾಕ್ಷಿ ಕೇಳಿದರೆ, ಆಮೇಲೆ ಬಣ್ಣ ಹಚ್ಚಿದರಾಯಿತು ಎಂದ. ಆಡಿಗೆ ಹಾಕುವ ಸೊಪ್ಪು ಹೀಗೆ ಕಲೆಯಾಗಿ ಘಟ್ಟ ಹತ್ತಿತು.

ಹತ್ತಿಸಿದವನು ಯೂಸುಫ್. ಬಂದರಿನಿಂದ ಚಾರ್ಮಾಡಿ ದಾಟಿ ಒಣಮೀನು ಸಾಗಿಸುವ ಲಾರಿ ಅವನದ್ದು. ಹಳ್ಳ ತೋರಿಸಿದ್ದೂ ಅವನೇ. ಮಹಾಬಲ ದಡದ ಬಂಡೆಯ ಮೇಲೆ ಕ್ಯಾಮೆರಾ ನಿಲ್ಲಿಸಿ ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದ. ಯೂಸುಫ್ ಮೇಲ್ಗಡೆ ಮೊಣಕಾಲುದ್ದ ನೀರಿನಲ್ಲಿ ನಿಂತು ಎಲೆ ತೇಲಿಬಿಡಬೇಕಾಯಿತು. ಮೋಡ ಸರಿಯಲೆಂದು ಕಾದು ಮಧ್ಯಾಹ್ನ ಕಳೆಯಿತು.

"ಮಹಾಬಲಣ್ಣ, ನೀರು ಕೆಂಪಾಗ್ತಾ ಉಂಟು. ಮೇಲೆ ಮಳೆ ಬಿದ್ದಿರಬೇಕು. ನಾನು ಹತ್ತುತ್ತೇನೆ," ಎಂದ ಯೂಸುಫ್.

"ಇನ್ನೊಂದು ಹಿಡಿ ಎಲೆ ಬಿಡು ಮಾರಾಯ," ಎಂದಿತು ಬಟ್ಟೆಯೊಳಗಿನ ದನಿ.

ಯೂಸುಫ್ ಬಿಟ್ಟ. ಎಲೆಯ ಹಿಂದೆಯೇ ನೀರೂ ಬಂತು. ಕಾಲು ಎರಡು ಬಂಡೆಗಳ ನಡುವೆ ಸಿಕ್ಕಿ ಮೂಳೆ ಮುರಿಯಿತು. ಅವನು ಕೂಗುತ್ತಿದ್ದಂತೆ ಮಹಾಬಲ ಗಾಜಿನ ಪ್ಲೇಟನ್ನು ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ರಸ್ತೆಗೆ ಹೊತ್ತು, ಅದರ ಮೇಲೆ ಕೊಡೆ ಬಿಡಿಸಿಟ್ಟು ಬಂದ. ಅಷ್ಟರಲ್ಲಿ ದಾರಿಹೋಕ ಗಾಡಿಯವರು ಯೂಸುಫನನ್ನು ಎಳೆದು ದಡಕ್ಕೆ ಹಾಕಿದ್ದರು.

ಕಾಲು ಸೊಟ್ಟಗೆ ಕೂಡಿತು. ಲಾರಿ ಬೇರೆಯವರ ಕೈಗೆ ಹೋಯಿತು. ಯೂಸುಫ್ ಬಂದರಿನ ಗೋದಾಮೊಂದರ ಬಾಗಿಲಲ್ಲಿ ಕಾವಲು ಕೂತ. ಮಹಾಬಲ ಒಮ್ಮೆಯೂ ಅವನ ಮನೆ ಕಡೆ ಹೋಗಲಿಲ್ಲ. ಹೇಮಾಕ್ಷಿ ಹೋಗಿ ಬರುತ್ತಿದ್ದಳು.

ಮದರಾಸಿನವರು ಚಿತ್ರವನ್ನು ಗೋಡೆಗೂ ಏರಿಸದೆ ಹಿಂದೆ ಕಳಿಸಿದರು. ಅವರಿಗೆ ಕಣ್ಣಿಲ್ಲ ಎಂದು ತೀರ್ಮಾನಿಸಿ, ಮಹಾಬಲ ಎಲೆಗಳಿಗೆ ಕುಂಕುಮದಂಥ ಬಣ್ಣ ಬಳಿದು, ಬೀಟೆಯ ಚೌಕಟ್ಟು ಹಾಕಿಸಿ ಸ್ಟುಡಿಯೋದ ಎದುರು ತೂಗುಹಾಕಿದ. ಕೊರಳಮಟ್ಟದ ನೀರಿನಲ್ಲಿ ತಾನೊಬ್ಬನೇ ನಿಂತು, ಜೀವ ಒತ್ತೆಯಿಟ್ಟು ತೆಗೆದದ್ದೆಂದು ಬಂದವರಿಗೆಲ್ಲ ಹೇಳುತ್ತಿದ್ದ. ವರ್ಷ ಕಳೆದಂತೆ ಆ ಕಥೆಯಲ್ಲಿ ಹುಲಿಯೊಂದೂ ಸೇರಿಕೊಂಡಿತು.

ಒಂದು ದಿನ ಹೇಮಾಕ್ಷಿ ಗಿರಾಕಿಗಳ ಎದುರೇ ಕೇಳಿದಳು. "ಯೂಸುಫ್ ಇದ್ದದ್ದನ್ನು ನೀವು ಯಾಕೆ ಹೇಳುವುದಿಲ್ಲ?"

"ಚಿತ್ರದಲ್ಲಿ ಅವನು ಎಲ್ಲಿದ್ದಾನೆ?" ಎಂದ ಮಹಾಬಲ. ಕೊಂಕಲ್ಲ, ನಾಚಿಕೆಯೂ ಅಲ್ಲ. ನಿಜವಾಗಿ ಅವನಿಗೆ ಹಾಗೇ ತೋಚಿತ್ತು.

ಅವಳು ಮತ್ತೆ ಆ ಮಾತೆತ್ತಲಿಲ್ಲ. ಯುದ್ಧ ಬಂದು ವಿಲಾಯತಿಯ ಗಾಜಿನ ಪ್ಲೇಟು ಸಿಗದಾಯಿತು. ಮಹಾಬಲ ಸ್ಟುಡಿಯೋ ಮುಚ್ಚಿ ಜಗಲಿ ಸೇರಿದ. ಕೇಳುವವರು ಕಡಿಮೆಯಾದ ಹಾಗೆ ಹುಲಿಗಳು ಎರಡಾದವು. ಅವನು ಸತ್ತ ಮೇಲೆ ಹೇಮಾಕ್ಷಿ ಚೌಕಟ್ಟಿನಿಂದ ಚಿತ್ರ ಬಿಚ್ಚಿ ಒಲೆಗೆ ಹಾಕಿ, ಚೌಕಟ್ಟಿಗೊಂದು ಕನ್ನಡಿ ಕೂರಿಸಿದಳು. ಬೀಟೆ ಒಳ್ಳೆಯ ಮರ.