ಭಾಲ್ಕಿಯಲ್ಲಿ ಮಲಗಿಸಿದ ಮೂರು ಕೋರ್‌ಗಳು

ಅವಳು ಅವತ್ತು ನಕ್ಕಳೋ ಇಲ್ಲವೋ, ನನಗೆ ಖಚಿತವಿಲ್ಲ. ನನ್ನ ನೆನಪಿನಲ್ಲಿ ನಗುತ್ತಾಳೆ. ಆದರೆ ನನ್ನ ನೆನಪು ನನಗೆ ಅನುಕೂಲವಾದದ್ದನ್ನೇ ಇಟ್ಟುಕೊಳ್ಳುತ್ತದೆ ಎಂಬುದು ಎಷ್ಟೋ ಸಲ ಸಾಬೀತಾಗಿದೆ. ಬ್ಯಾಟರಿ ಕೈಕೊಟ್ಟ ದಿನವೇ ಟೈಪಿಂಗ್ ಕೇಂದ್ರದ ಮಾಲಕರು ಆ ಮಲಗಿಸುವ ಮಾತು ಆಡಿದರೇ ಎಂಬುದೂ ಅನುಮಾನ. ಇಲ್ಲಿ ಒಂದೇ ದಿನ ಎಂದು ಬರೆಯುತ್ತಿದ್ದೇನೆ.

ಮಳೆ ಕೈಕೊಟ್ಟ ಎರಡನೇ ವರ್ಷ ಅದು. ಬೀದರಿನ ಕಾಲೇಜೊಂದರಲ್ಲಿ ಆಪರೇಟಿಂಗ್ ಸಿಸ್ಟಮ್ ಪಾಠ ಮಾಡುತ್ತಿದ್ದ ನಾನು ಶನಿವಾರಗಳಂದು ಭಾಲ್ಕಿಗೆ ಹೋಗಿ ಒಂದು ಟೈಪಿಂಗ್ ಕೇಂದ್ರದ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದೆ. ಹಳೆಯ ಜಮೀನು ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವ ಗುತ್ತಿಗೆ ಅವರದು. ನಾಲ್ಕು ಜನ ಆಪರೇಟರುಗಳು, ನಾಲ್ಕು ಪರದೆಗಳು, ಎಲ್ಲಕ್ಕೂ ಸೇರಿ ನಾಲ್ಕು ಕೋರ್‌ಗಳ, ಅಂದರೆ ಲೆಕ್ಕ ಮಾಡುವ ನಾಲ್ಕು ಮಿದುಳುಗಳ, ಒಂದೇ ಸರ್ವರ್. ಆ ವರ್ಷ ಕರೆಂಟು ಇರುವುದಕ್ಕಿಂತ ಹೋಗಿರುವುದೇ ಹೆಚ್ಚು. ಕೆಲಸವೂ ಹಾಗೆಯೇ, ಬಂದರೆ ರಾಶಿ, ಇಲ್ಲದಿದ್ದರೆ ವಾರಗಟ್ಟಲೆ ಖಾಲಿ.

"ಸರ್, ಈ ಬ್ಯಾಟರಿ ಚಾ ಕುಡಿಯೋದ್ರಾಗ ಸಾಯ್ತದ," ಎಂದರು ಮಾಲಕರು. "ನಿಮ್ಮ ಮಷೀನಿಗಿ ಸ್ವಲ್ಪ ಶಿಸ್ತು ಕಲಸ್ರಿ."

ನಾನು ಪರದೆಯ ಮೇಲೆ ನಾಲ್ಕು ಕೋರ್‌ಗಳನ್ನು ತೋರಿಸಿದೆ. ಕೆಲಸವಿಲ್ಲದ ಕೋರ್ ಮೊದಲು ಬರೇ ತೂಕಡಿಸುತ್ತದೆ. ಇನ್ನೂ ಆಳಕ್ಕೆ ಕಳಿಸಿದರೆ ಅದರ ಕರೆಂಟನ್ನೇ ಬಹುತೇಕ ಕತ್ತರಿಸಬಹುದು. ಆದರೆ ಆಳದಿಂದ ಎದ್ದು ಬರಲು ಹೊತ್ತು ಬೇಕು, ಶಕ್ತಿಯೂ ಬೇಕು. ಆದ್ದರಿಂದ ಕರ್ನಲ್, ಅಂದರೆ ಯಂತ್ರದೊಳಗಿನ ಕಾರಭಾರಿ, ಮುಂದಿನ ಕೆಲಸ ಎಷ್ಟು ಹೊತ್ತಿಗೆ ಬಂದೀತು ಎಂದು ಅಂದಾಜು ಮಾಡಿ ನಿದ್ದೆಯ ಆಳ ಆರಿಸುತ್ತದೆ. ಕೆಲಸ ಕಡಿಮೆ ಇದ್ದಾಗ ನಾಲ್ಕಕ್ಕೂ ಚೂರುಚೂರು ಹಂಚಿ ಎಲ್ಲವನ್ನೂ ಎಚ್ಚರ ಇಡುವ ಬದಲು, ಒಂದರ ಮೇಲೆ ಎಲ್ಲ ಹೊರಿಸಿ ಉಳಿದ ಮೂರನ್ನು ಮಲಗಿಸುತ್ತದೆ.

ಮಾಲಕರು ಪರದೆಯನ್ನು ನೋಡಲಿಲ್ಲ. ಆಪರೇಟರುಗಳನ್ನು ನೋಡಿದರು.

"ಇಷ್ಟು ದಿನ ಇದು ನನ್ನ ತಲಿಗಿ ಯಾಕ ಹೊಳೀಲಿಲ್ಲ ನೋಡ್ರಿ," ಎಂದರು. ಗೋಡೆ ಪಕ್ಕದ ಹುಡುಗಿಯತ್ತ ಬೆರಳು ತೋರಿಸಿ, "ಇಕಿ ಎಚ್ಚರ ಇರ್ಲಿ. ನೀವು ಮೂವರು ಮನಿಗಿ ಹೋಗಿ ಮಲಕ್ಕೋರಿ. ಕೆಲಸ ಬಂದ್ರ ಎಬ್ಬಸ್ತೇನಿ."

ಆ ಮೂವರಲ್ಲಿ ಇಬ್ಬರು ಭಾಲ್ಕಿಯವರೇ. ಮೂರನೆಯವಳು ಔರಾದ ತಾಲೂಕಿನ ಹಳ್ಳಿಯವಳು. ಡಿಪ್ಲೊಮಾ ಓದಿದವಳು, ಗಂಡನಿಗೆ ಊರಲ್ಲಿ ಕೂಲಿ ಸಿಗುತ್ತಿರಲಿಲ್ಲ, ಅವಳ ಪಗಾರದ ಮೇಲೆ ಮನೆ ನಿಂತಿತ್ತು.

"ಮಾಲಕ್ರೀ, ಮಲಗಿದವ್ರಿಗಿ ಹೊಟ್ಟಿ ಇರಂಗಿಲ್ಲೇನ್ರಿ?" ಎಂದಳು.

"ಕೋರಿಗಿ ಹೊಟ್ಟಿ ಎಲ್ಲಿರ್ತದವಾ? ಸರ್‌ನ ಕೇಳು."

ಆಳದ ನಿದ್ದೆಯಲ್ಲೂ ಒಂದಿಷ್ಟು ಕರೆಂಟು ಹೋಗುತ್ತಲೇ ಇರುತ್ತದೆ, ಎಲ್ಲಿಗೆ ಕೆಲಸ ನಿಲ್ಲಿಸಿತ್ತು ಎಂಬುದನ್ನು ಕಾಪಾಡಲು ಅಷ್ಟಾದರೂ ಬೇಕು ಎಂದೆ ನಾನು.

"ಅಂದ್ರ ಮಲಗಿದ್ದಕ್ಕೂ ಕೊಡ್ಬೇಕು ಅಂತೀರೇನು?"

"ಸ್ವಲ್ಪ."

"ಸ್ವಲ್ಪ ಅಂದ್ರ ಚಾ ಕುಡಿಸಿ ಕಳಸ್ತೇನಿ ಬಿಡ್ರಿ."

ಚಹಾ ಬಂತು. ಎಲ್ಲರೂ ಕುಡಿದೆವು. ಔರಾದದವಳ ನಗು ಇದ್ದಿದ್ದರೆ ಇಲ್ಲಿಯೇ ಇರಬೇಕು.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಅವಳು ಸಿಕ್ಕಳು. ನಾನು ಬೀದರ ಬಸ್ಸಿಗೆ, ಅವಳು ಔರಾದ ಬಸ್ಸಿಗೆ ಕಾಯುತ್ತಿದ್ದೆವು. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಜನ ಒಯ್ಯುವ ಮುಕಾದಮ ಅವರ ಮನೆಗೆ ಎರಡು ಸಲ ಬಂದು ಹೋಗಿದ್ದನಂತೆ.

"ಗಂಡ ಹೆಂಡ್ತಿ ಜೋಡಿನೇ ಬೇಕಂತಾನ್ರಿ. ಹುಣ್ಣಿವಿ ತನಕ ಲಾರಿ ತಡೀತೇನಿ ಅಂದಾನ. ಅಷ್ಟರಾಗ ಮಾಲಕರು ಕರದ್ರ ಬಂದ್ಬಿಡ್ತೇನಿ. ಇಲ್ಲಂದ್ರ ಕೀಬೋರ್ಡು ಬಿಟ್ಟು ಕಬ್ಬು ಕಡಿಯೋ ಕೋಯ್ತಾ ಹಿಡೀಬೇಕು." ತನ್ನ ಬೆರಳುಗಳನ್ನೇ ನೋಡಿಕೊಂಡು, "ಇವು ಆಮ್ಯಾಲ ಟೈಪಿಂಗಿಗಿ ಬರ್ತಾವೇನ್ರಿ ಸರ್?" ಎಂದಳು.

ಬರುತ್ತವೆ ಎಂದೆ. ಕಬ್ಬಿನ ಎಲೆ ಬೆರಳಿಗೆ ಏನು ಮಾಡುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಮುಂದೆ ರಾಶಿ ಕೆಲಸ ಬಂತು. ನಾನು ಹೋದಾಗ ಅವಳ ಕುರ್ಚಿಯಲ್ಲಿ ಬೀದರಿನ ಹೊಸ ಹುಡುಗಿ ಕೂತಿದ್ದಳು.

"ಔರಾದ ಅಕ್ಕ?" ಎಂದು ಕೇಳಿದೆ.

"ಅಕಿ ಬಾಳ ಆಳದಾಗ ಮಲಗ್ಯಾಳ್ರಿ," ಎಂದು ಮಾಲಕರು ನಕ್ಕರು. "ಹುಣ್ಣಿವಿ ಮುಂಜಾನಿ ಫೋನ್ ಮ್ಯಾಲ ಫೋನ್ ಹಚ್ಚೇನಿ. ಬಡಕೊಂಡು ಬಡಕೊಂಡು ನಿಂತೋತು. ಏಳಲಾರದ ಕೋರು ತಗೊಂಡು ಏನ್ ಮಾಡ್ಲಿ?"

ಅವರು ಸುಳ್ಳು ಹೇಳುತ್ತಿದ್ದಾರೆ ಎಂದೇ ನಾನು ಅಂದುಕೊಂಡೆ. ಫೋನು ಮಾಡಿರಲಾರರು. ಬೀದರಿಗೆ ಮರಳುವ ಬಸ್ಸಿನಲ್ಲಿ ತರಗತಿಗೆ ಪಾಠ ಹೇಳುವವನ ಹಾಗೆ ವಾದ ಜೋಡಿಸಿಕೊಂಡೆ. ಆಳದ ನಿದ್ದೆಯಲ್ಲಿ ಕೆಲವು ಕೋರ್‌ಗಳ ಸ್ವಂತ ಗಡಿಯಾರವೂ ನಿಂತುಹೋಗುತ್ತದೆ. ಅಂಥದನ್ನು ಮಲಗಿಸುವ ಮೊದಲು ಕರ್ನಲ್ ಎಬ್ಬಿಸುವ ಹೊಣೆಯನ್ನು ಎಚ್ಚರವಿರುವ ಬೇರೊಂದು ಗಡಿಯಾರಕ್ಕೆ ಒಪ್ಪಿಸುತ್ತದೆ. ಕರೆ ತಲುಪುವ ದಾರಿ ಇದೆಯೇ ಎಂದು ನೋಡದೆ ಯಾವ ಕರ್ನಲ್ಲೂ ಯಾರನ್ನೂ ಮಲಗಿಸುವುದಿಲ್ಲ. ವಾದ ಸೊಗಸಾಗಿತ್ತು. ಅದರಿಂದ ಅವಳಿಗೆ ಆಗಬೇಕಾದ್ದೇನೂ ಇರಲಿಲ್ಲ.

ಪರೀಕ್ಷಾ ಕೆಲಸಕ್ಕೆ ಔರಾದಕ್ಕೆ ಹೋದಾಗ ಅವಳ ಹಳ್ಳಿಗೂ ಹೋದೆ. ಮನೆಗೆ ಬೀಗ. ಅವಳು ಕೇಂದ್ರಕ್ಕೆ ಕೊಟ್ಟಿದ್ದ ನಂಬರು ಊರಿನ ಹಿಟ್ಟಿನ ಗಿರಣಿಯದು. ಅರ್ಧ ಊರಿನವರು ಅದನ್ನೇ ಕೊಡುತ್ತಿದ್ದರು, ಗಿರಣಿಯವನು ಕೂಗಿ ಕರೆಯುತ್ತಿದ್ದ. ಬೀಸಲು ಜೋಳ ತರುವವರಿಲ್ಲದೆ ಅವನು ಹುಣ್ಣಿಮೆಗೆ ಮೊದಲೇ ಹೈದರಾಬಾದಿಗೆ ಹೋಗಿದ್ದ. ಕೀಲಿ ಅವನ ಹತ್ತಿರ, ಫೋನು ಒಳಗೆ.

ಗಿರಣಿಯ ಪಕ್ಕದ ಮನೆಯ ಮುದುಕಿಯನ್ನು ಕೇಳಿದೆ. ಎದುರಿನ ಕಿರಾಣಿಯವನನ್ನು ಬೇರೆಯಾಗಿ ಕೇಳಿದೆ. ಇಬ್ಬರೂ ಒಂದೇ ಹೇಳಿದರು. ಹುಣ್ಣಿಮೆಯ ಮುಂಜಾನೆ ಬೀಗ ಹಾಕಿದ ಬಾಗಿಲ ಹಿಂದೆ ಫೋನು ಬಹಳ ಹೊತ್ತು ಬಡಿದುಕೊಂಡಿತ್ತು, ಮುಕಾದಮನ ಲಾರಿಗೆ ಆಗ ಇನ್ನೂ ಸಾಮಾನು ಏರಿಸುತ್ತಿದ್ದರು.