ಕಟ್ಟೆಯ ಮೂಲೆಯಲ್ಲೊಂದು ಊರು

ಪರದೇಶದ ಡಾರ್ಮ್‌ಸ್ಟಾಟ್ ಊರಿನಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ಅಜ್ಜಿ ಸ್ವಿಟ್ಜರ್ಲೆಂಡಿನ ಪುಟ್ಟ ಹಳ್ಳಿಯವಳು. ನಾನು ಜೋಳದ ರೊಟ್ಟಿ ಬಡಿಯುವ ಸದ್ದು ಕೇಳಿದರೆ ಸಾಕು, ಇಳಿದು ಬರುತ್ತಿದ್ದಳು. ಊರಿನ ಸುದ್ದಿ ತೆಗೆದರೆ ಅವಳದು ಒಂದೇ ಮಾತು: “ಬಹಳಷ್ಟು ಕಾಡು, ಉಳಿದದ್ದು ಹುಲ್ಲುಗಾವಲು, ಚೂರೇ ಚೂರು ನಾವು.”

ಒಮ್ಮೆ ಅಡುಗೆಕಟ್ಟೆಯ ಮೇಲೆ ಚೆಲ್ಲಿದ್ದ ಹಿಟ್ಟಿನಲ್ಲಿ ಬೆರಳಾಡಿಸಿ ಕಾಡು, ಹುಲ್ಲುಗಾವಲು, ನಡುವೆ ಹೊಳೆ ಬರೆದಳು. ಮೂಲೆಯಲ್ಲಿ ಚಿಟಿಕೆ ಹಿಟ್ಟು ಗುಡ್ಡೆ ಮಾಡಿ, “ಇದು ನಾವು” ಅಂದಳು.

ಕಟ್ಟೆ ಕೊಳಕಾಗಿದ್ದರೆ ನನಗೆ ತಡೆಯುವುದಿಲ್ಲ. ಒದ್ದೆ ಬಟ್ಟೆ ತಂದೆ. ಅಜ್ಜಿ ಗಬಕ್ಕನೆ ನನ್ನ ಕೈ ಹಿಡಿದಳು.

“ತಡಿ, ಅಲ್ಲಿ ಜನ ಇದ್ದಾರೆ!”

ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ.

ಅಜ್ಜಿ ತೀರಿಕೊಂಡ ಮೇಲೆ ಆ ಮನೆಯ ಬೆಲ್ಲಿನ ಪಕ್ಕದ ಚೀಟಿಯಲ್ಲಿ ಬೇರೆಯವರ ಹೆಸರು ಬಂದಿದೆ. ರೊಟ್ಟಿ ಮುಗಿದ ಕೂಡಲೇ ಈಗಲೂ ಕಟ್ಟೆ ಒರೆಸುತ್ತೇನೆ. ಆ ಮೂಲೆಯೊಂದನ್ನು ಮಾತ್ರ ಬೆಳಗಿನವರೆಗೆ ಬಿಡುತ್ತೇನೆ.